ನೀರು ಕೇಳಿದವನು

ತಾಳ್ಯ, ಹೊಳಲ್ಕೆರೆ ತಾಲ್ಲೂಕು
೩ ಮಾರ್ಚ್ ೨೦೨೫

ಲೇ ದೀಪಾ,

ಬಂತು ಕಣೇ! ಆರು ವರ್ಷ ನಮ್ಮನ್ನು ಸತಾಯಿಸಿದ ಆ ಪುಣ್ಯಾತ್ಮ ಕೊನೆಗೂ ‘ಕಲ್ಲು ಟಗರು’ ಮಾಲೆಯ ಕೊನೆಯ ಪುಸ್ತಕ ಬರೆದು ಮುಗಿಸಿದ್ದಾನೆ. ಚಿತ್ರದುರ್ಗದ ಪುಸ್ತಕದ ಅಂಗಡಿಯವರು ಕಟ್ಟು ಬಿಚ್ಚುತ್ತಿದ್ದಾಗಲೇ ಕೈಹಾಕಿ ಒಂದು ಪ್ರತಿ ಎಳೆದುಕೊಂಡೆ. ಮರುದಿನ ನಾನು ನೋಡಿಕೊಳ್ಳುವ ಪಂಚಾಯ್ತಿ ಲೈಬ್ರರಿಯ ಬಾಗಿಲು ಒಳಗಿನಿಂದ ಹಾಕಿಕೊಂಡು ಓದಲು ಕೂತೆ. ಪೇಪರ್ ಓದಲು ಬಂದ ತಿಮ್ಮರಾಯಪ್ಪ ಬಾಗಿಲು ಬಡಿದೂ ಬಡಿದೂ, “ಏನಮ್ಮ, ಒಳಗೆ ಜೀವಂತ ಅದೀಯೋ ಇಲ್ವೋ?” ಅಂದರು. ಇಲ್ಲ ಅಂದೆ.

ಹಾಸ್ಟೆಲಿನ ಕರಾರು ಮರೆತಿಲ್ಲ ತಾನೆ? ಇಬ್ಬರಿಗೂ ಒಂದೇ ಪ್ರತಿ. ಮೊದಲು ಓದಿದವಳು ಕಾಗದ ಬರೆದು ಪುಸ್ತಕದೊಳಗಿಟ್ಟು ಬಸ್ಸಿಗೆ ಹಾಕಬೇಕು, ಫೋನಿನಲ್ಲಿ ಕಥೆಯ ಮಾತೆತ್ತಬಾರದು. ಹಾಗಾಗಿ ಹಿರಿಯೂರು ಬಸ್ಸಿನ ಕಂಡಕ್ಟರ್ ಕೊಟ್ರೇಶಣ್ಣನ ಕೈಗೆ ಕೊಟ್ಟಿದ್ದೇನೆ. ಇಲ್ಲಿಂದ ಮುಂದಿನದನ್ನು ಪುಸ್ತಕ ಮುಗಿಸಿ ಓದು.

ಮುಗಿಸಿದೆಯಾ? ಈಗ ಹೇಳು. ಕೆಂಚವ್ವೆಯ ಹಟ್ಟಿ ಸುಟ್ಟು, ಅವಳ ಕಣ್ಣೆದುರೇ ತಮ್ಮನ ಕೊರಳು ಕೊಯ್ದ ಆ ಉಪ್ಪರಸ, ಕೊನೆಯಲ್ಲಿ ಕರುಳನ್ನು ಕೈಯಲ್ಲಿ ಹಿಡಿದುಕೊಂಡು ಬಾವಿಕಟ್ಟೆಗೆ ಬಂದು ನೀರು ಕೇಳುತ್ತಾನಲ್ಲ. ಅವಳು ಕತ್ತಿ ಕೆಳಗಿಟ್ಟು ಕೊಡ ಬಗ್ಗಿಸುತ್ತಾಳಲ್ಲ! ನಾನು ಬಿಕ್ಕಿ ಬಿಕ್ಕಿ ಅತ್ತೆ. ಆರು ಪುಸ್ತಕ ಹರಿದ ರಕ್ತವೆಲ್ಲ ಆ ಒಂದು ಕೊಡದ ನೀರಿನಲ್ಲಿ ತೊಳೆದುಹೋಯಿತು ಅನ್ನಿಸಿತು.

ನಿನ್ನ ತಮ್ಮ ರಂಗೇಶನ ನೆನಪಾಯಿತು. ನೀನು ಓದಿ ಓದಿ ಫೋನಿಗೆ ದನಿ ತುಂಬಿಸಿ ಕಳಿಸುತ್ತಿದ್ದದ್ದು, ಅವನು ಕುರಿ ಹಿಂದೆ ನಡೆಯುತ್ತ ಐದು ಪುಸ್ತಕ ಹಾಗೇ ಕೇಳಿ ಮುಗಿಸಿದ್ದು. ಅವನ ಮಣ್ಣಿಗೆ ಬಂದ ದಿನ ನಿನ್ನ ಕೈ ಹಿಡಿದು ಕೂತಿದ್ದೆ, ಅಷ್ಟೇ. ತಮ್ಮನನ್ನು ಕೊಂದವರು ಸಿಗದೆ ನೀನು ಒಳಗೊಳಗೇ ಉರಿಯುತ್ತಿರುವುದು ಗೊತ್ತು. ಈ ಕೊನೆ ನಿನಗೆ ಸ್ವಲ್ಪ ತಂಪು ಕೊಡಲಿ.

ನಿನ್ನ
ಶಿವಿ


ಗೊಲ್ಲರಹಟ್ಟಿ, ಬಬ್ಬೂರು ಹತ್ತಿರ, ಹಿರಿಯೂರು ತಾಲ್ಲೂಕು
೧೬ ಮಾರ್ಚ್ ೨೦೨೫

ಶಿವಿ,

ಪುಸ್ತಕದ ಬೆನ್ನು ಮುರಿದಿದೆ, ಮುಂದೆ ನಿನ್ನ ಕೈಗೆ ಬಂದಾಗ ಗಾಬರಿಯಾಗಬೇಡ. ನಾನೇ ಗೋಡೆಗೆ ಬಿಸಾಡಿದ್ದು.

ಮುಟ್ಟಾದ ದಿನಗಳಲ್ಲಿ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಕೂರಬೇಕಲ್ಲ, ನನ್ನ ಓದೆಲ್ಲ ಅಲ್ಲೇ. ಈ ಒಂದು ವಿಷಯಕ್ಕೆ ಆ ಕಟ್ಟಳೆ ಮಾಡಿದವರಿಗೆ ಕೈ ಮುಗೀಬೇಕು. ಕಲ್ಲು ಟಗರುಗಳು ಗುಡ್ಡದಿಂದ ಇಳಿದು ಉಪ್ಪರಸನ ದಂಡಿಗೆ ನುಗ್ಗುವ ಅಧ್ಯಾಯವನ್ನು ಎರಡು ಸಲ ಓದಿದೆ. ತಲೆಬುರುಡೆಗಳು ಒಡೆಯುವ ಸದ್ದು ಕಿವಿಗೇ ಕೇಳಿಸಿತು. ‘ಹೊಡೀರಿ, ಇನ್ನೂ ಹೊಡೀರಿ’ ಅಂತ ಕೂಗಿಬಿಟ್ಟೆ. ಹೊರಗಿದ್ದ ಪಾಲಮ್ಮಜ್ಜಿ ಹೆದರಿ ಓಡಿತು. ಅಷ್ಟು ಚೆನ್ನಾಗಿ ಬರೆದ ಕೈ, ಕೊನೆಯ ನಾಲ್ಕು ಪುಟದಲ್ಲಿ ಯಾಕೆ ಹೀಗೆ ಹೇಡಿಯಾಯಿತು? ಆರು ಪುಸ್ತಕ ನಮ್ಮನ್ನು ಕೈ ಹಿಡಿದು ನಡೆಸಿಕೊಂಡು ಬಂದು ನಡುನೀರಿನಲ್ಲಿ ಬಿಟ್ಟ ದ್ರೋಹಿ!

ನೀರಂತೆ ನೀರು. ನಿನಗೆ ನಾನು ಪೂರ್ತಿ ಹೇಳಿರಲಿಲ್ಲ, ಈಗ ಕೇಳು. ಹೋದ ಡಿಸೆಂಬರಿನಲ್ಲಿ ನಮ್ಮ ಹಿಂಡು ಹೊಸದುರ್ಗದ ಕಡೆ ರಾಗಿ ಕುಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಬೀಡುಬಿಟ್ಟಿತ್ತು. ಬಾಲರಾಜಣ್ಣ ತಮ್ಮನೊಬ್ಬನನ್ನೇ ಬಿಟ್ಟು ಕುರಿಗಳಿಗೆ ಔಷಧಿ ತರಲು ಪೇಟೆಗೆ ಹೋಗಿದ್ದ. ಮಟಮಟ ಮಧ್ಯಾಹ್ನ ಒಂದು ಪಿಕಪ್ ಬಂದು ನಿಂತಿತು. ಕುರಿ ಕೊಳ್ಳುವ ದಲ್ಲಾಳಿಗಳು ಅಂದರಂತೆ. ರಂಗೇಶ, “ಬರ್ರಿ, ನೆಳ್ಳಿಗೆ ಕುಂತ್ಕಳ್ರಿ” ಅಂದನಂತೆ. ಅವರಲ್ಲೊಬ್ಬ ನೀರು ಕೇಳಿದ. ಇವನು ಕ್ಯಾನು ಬಗ್ಗಿಸಿ ಅವನ ಬೊಗಸೆಗೆ ಹುಯ್ಯುತ್ತಿದ್ದಾಗ ಹಿಂದಿನಿಂದ ಇನ್ನೊಬ್ಬ ಕಬ್ಬಿಣದ ಪೈಪಿನಲ್ಲಿ ಹೊಡೆದ. ಬಿದ್ದವನಿಗೆ ಮತ್ತೆ ಹೊಡೆದರು. ಪಕ್ಕದ ಹೊಲದ ಮುದುಕಿಯೊಬ್ಬಳು ಬೇಲಿ ಮರೆಯಿಂದ ಕಂಡು ಹೇಳಿದ್ದು ಇಷ್ಟು, ಮುಖದ ಗುರುತು ಅವಳಿಗೂ ಸಿಗಲಿಲ್ಲ. ಅಣ್ಣ ಬಂದಾಗ ಹಿಂಡು ಇರಲಿಲ್ಲ, ಕೊಯ್ದ ರಾಗಿಯ ಕೂಳೆಗಳ ಮೇಲೆ ಇವನ ತಲೆಯೊಳಗಿನದು ಬಿದ್ದಿತ್ತು. ಅಣ್ಣ ಟವೆಲ್ಲಿನಲ್ಲಿ ಅದನ್ನೂ ಸೇರಿಸಿ ಕಟ್ಟಿದ. ಆಸ್ಪತ್ರೆ ಮುಟ್ಟುವ ತನಕ ಜೀವ ಇತ್ತು. ಕಣ್ಣು ಮುಚ್ಚಿಕೊಂಡೇ ಒಂದೇ ಮಾತು ಹೇಳುತ್ತಿದ್ದನಂತೆ: “ನೀರು ಕೇಳಿದ್ರಣ್ಣ, ಬಗ್ಗಿ ಹುಯ್ತಿದ್ದೆ.”

ಅದಕ್ಕೇ ಹೇಳುತ್ತಿದ್ದೇನೆ. ಕೆಂಚವ್ವೆ ಆ ಕೊಡವನ್ನು ಎತ್ತಿ ಅವನ ನೆತ್ತಿಗೆ ಕುಕ್ಕಬೇಕಿತ್ತು. ಹಿಂಡಿನ ಒಂದು ಕುರಿಯೂ ಇವತ್ತಿನವರೆಗೆ ಸಿಕ್ಕಿಲ್ಲ. ಅವತ್ತೇ ಎಲ್ಲೋ ಕುಯ್ದು ಮಾರಿರುತ್ತಾರೆ ಅಂದರು ಪೊಲೀಸರು. ಬಾಲರಾಜಣ್ಣ ದಿನಾ ಸಂಜೆ ಮಚ್ಚು ಮಸೆಯುತ್ತಾನೆ. “ಯಾರೂಂತ ಗೊತ್ತಾಗ್ಲಿ ಸಾಕು” ಅನ್ನುತ್ತಾನೆ. ಅವ್ವ ಬೇಡ ಅನ್ನುವುದಿಲ್ಲ. ನಾನೂ ಅನ್ನುವುದಿಲ್ಲ.

ದೀಪಾ


ತಾಳ್ಯ
೨೪ ಮಾರ್ಚ್ ೨೦೨೫

ದೀಪಾ,

ನಿನ್ನ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ಗೊತ್ತಿದ್ದರೆ ನೀರಿನ ಮಾತೇ ಎತ್ತುತ್ತಿರಲಿಲ್ಲ ಕಣೇ. ತಪ್ಪು ತಿಳಿಯಬೇಡ.

ಆದರೂ ಜಗಳ ಆಡದಿದ್ದರೆ ನಾನು ನಿನ್ನ ಶಿವಿಯೇ ಅಲ್ಲ. ಕೆಂಚವ್ವೆ ಅವನನ್ನು ಕೊಂದಿದ್ದರೆ ನಾಳೆ ಉಪ್ಪರಸನ ಮಗ ಕತ್ತಿ ಹಿಡಿದು ಬರುತ್ತಿದ್ದ, ಅವನ ಹಿಂದೆ ಇನ್ನೊಬ್ಬ. ಏಳನೇ ಪುಸ್ತಕವೂ ಇದೇ ರಕ್ತ. ಬಾಲರಾಜಣ್ಣನ ವಿಷಯ ಓದಿ ಹೆದರಿಕೆಯಾಯಿತು. ಒಬ್ಬ ತಮ್ಮ ಮಣ್ಣಿಗೆ ಹೋದ, ಅಣ್ಣ ಜೈಲಿಗೆ ಹೋಗಬೇಕೇ? ನೀನಾದರೂ ಬೇಡ ಅನ್ನು, ನಿನಗೆ ಕೈ ಮುಗಿಯುತ್ತೇನೆ.

ಸ್ವಲ್ಪ ನಗುವ ವಿಷಯ ಹೇಳಲಾ? ನಮ್ಮ ಹಾಲೇಶಣ್ಣ ತನ್ನ ಮಗಳು ಸಿಂಚನಾಗೆ ಒಂದು ಕುರಿ ತಂದುಕೊಟ್ಟಿದ್ದಾನೆ. ಲಿಂಗ ಕಟ್ಟಿದ ಮನೆಯ ಹಿತ್ತಲಲ್ಲಿ ಕುರಿ! ಅವ್ವ ಮೊದಲು ಮೂಗು ಮುರಿದಳು, ಈಗ ಅಕ್ಕಿ ತೊಳೆದ ನೀರು ಕುಡಿಸುವವಳೂ ಅವಳೇ. ಸಿಂಚನಾ ಅದಕ್ಕೆ ಕೆಂಚವ್ವೆ ಅಂತಲೇ ಹೆಸರಿಟ್ಟಿದ್ದಾಳೆ. ನಾನು ಓದಿ ಹೇಳಿದ ಕಥೆಯ ಪ್ರಭಾವ. ಹಣೆಯಲ್ಲಿ ಬಿಳಿ ಬೊಟ್ಟು. ಎಡಗಿವಿ ನಡುವೆ ಉದ್ದಕ್ಕೆ ಸೀಳಿದೆ, ಬಲಗಿವಿಯ ತುದಿ ಚೌಕವಾಗಿ ಹೋಗಿಬಿಟ್ಟಿದೆ. ಪಾಪ, ಮರಿಯಾಗಿದ್ದಾಗ ನಾಯಿ ಕಚ್ಚಿರಬೇಕು. “ಯುದ್ಧದಾಗೆ ಆದ ಗಾಯ ಅದು ಅತ್ತೆ” ಅನ್ನುತ್ತಾಳೆ ಸಿಂಚನಾ. ತಿನ್ನುವವರ ಮನೆ ಸೇರಿದ್ದರೆ ಇಷ್ಟೊತ್ತಿಗೆ ಅದರ ಕಥೆ ಮುಗಿದಿರುತ್ತಿತ್ತು.

ಶಿವಿ


ಗೊಲ್ಲರಹಟ್ಟಿ
೨೯ ಮಾರ್ಚ್ ೨೦೨೫

ಶಿವಗಂಗಾ,

ನೀನು ಹೇಳಿದ್ದು ಸರಿ ಇರಬಹುದು. ಕೊನೆಯ ಅಧ್ಯಾಯವನ್ನು ಮತ್ತೊಮ್ಮೆ ಓದುತ್ತೇನೆ. ಪುಸ್ತಕ ನನ್ನ ಹತ್ತಿರವೇ ಇರಲಿ.

ನಿಮ್ಮ ಕುರಿಯ ಬಗ್ಗೆ ಇನ್ನಷ್ಟು ಬರೆ. ಎಲ್ಲಿಂದ ತಂದರು, ಯಾವಾಗ ಬಂತು. ಕುರಿ ಮೇಯಿಸುವವರ ಮನೆಯವಳು, ನನಗೆ ಅದೇ ಆಸೆ. ಒಂದು ಕೆಲಸ ಮಾಡು. ರಾಗಿಮುದ್ದೆಯ ಒಂದು ತುತ್ತು ಅಂಗೈಯಲ್ಲಿಟ್ಟುಕೊಂಡು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡು. ಏನು ಮಾಡುತ್ತದೆ ಅಂತ ತಿಳಿಸು. ಸುಮ್ಮನೆ ಕೇಳಿದೆ. ಸಿಂಚನಾ ಅದನ್ನು ಚೆನ್ನಾಗಿ ನೋಡಿಕೊಳ್ಳಲಿ, ಎಲ್ಲೂ ಕಳಿಸಬೇಡಿ.

ದೀಪಾ


ತಾಳ್ಯ
೫ ಏಪ್ರಿಲ್ ೨೦೨೫

ನನ್ನ ಚಿನ್ನ ದೀಪಾ,

‘ಸರಿ ಇರಬಹುದು’ ಅಂದೆಯಲ್ಲ, ಅಷ್ಟು ಸಾಕು ನನಗೆ! ಹಾಸ್ಟೆಲಿನಲ್ಲಿ ಮೂರು ವರ್ಷ ಜಗಳವಾಡಿ ಒಂದು ದಿನವೂ ನಿನ್ನ ಬಾಯಲ್ಲಿ ಈ ಮಾತು ಬಂದಿರಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡೆ.

ಕುರಿಯ ವಿಷಯ ನಿನಗೆ ಹೇಗೆ ಗೊತ್ತಾಯಿತೇ ಮಾರಾಯ್ತಿ? ನೀನು ಹೇಳಿದ ಹಾಗೆ ಮುದ್ದೆ ಹಿಡಿದು ಕೂತೆ. ಮುಂಗಾಲು ಎತ್ತಿ ನನ್ನ ಮಂಡಿಯ ಮೇಲಿಟ್ಟಿತು, ಆಮೇಲೆ ಬಾಯಿ ಹಾಕಿತು! ಸಿಂಚನಾ ಕುಣಿದಾಡಿಬಿಟ್ಟಳು. ಎಲ್ಲ ಕುರಿಗಳೂ ಹೀಗೇನಾ?

ಅದು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನೀನು ಫೋನ್ ಮಾಡಿ ರಂಗೇಶನ ಸುದ್ದಿ ಹೇಳಿದ ಸಂಜೆ. ನಾನು ಜಗಲಿಯಲ್ಲಿ ಕೂತು ಅಳುತ್ತಿದ್ದೆ. ಅಣ್ಣ ಪಿಕಪ್ ತಂದು ಹಿತ್ತಲಲ್ಲಿ ನಿಲ್ಲಿಸಿ, ಬಂದದ್ದೇ ಗಾಡಿ ತೊಳೆಯಲು ಶುರು ಮಾಡಿದ. ಒಳಗೆ ಮೂಲೆಯಲ್ಲಿ ಇದೊಂದು ಮುದುರಿ ಕೂತಿತ್ತು. ಸಿಂಚನಾ ಕೊರಳು ತಬ್ಬಿಕೊಂಡವಳು ಬಿಡಲೇ ಇಲ್ಲ. ಹೊಸದುರ್ಗದ ಕಡೆ ಬಾಡಿಗೆಗೆ ಹೋಗಿದ್ದಾಗ ರಸ್ತೆಯಲ್ಲಿ ಸಿಕ್ಕಿತು ಅಂದ ಅಣ್ಣ. ನಾನು ಅಳುವುದನ್ನು ನೋಡಿ ಸಿಂಚನಾ ಅದನ್ನು ಹಿಡಿದುಕೊಂಡು ಬಂದು ನನ್ನ ಮಡಿಲಿಗೆ ತಲೆ ಇಡಿಸಿದಳು. ರಂಗೇಶನಿಗಾಗಿ ನಾನು ಅದರ ಮೈಮೇಲೇ ಅತ್ತದ್ದು.

ನೀನೊಮ್ಮೆ ಬಾ, ನೋಡುವಿಯಂತೆ.

ಶಿವಿ


ಗೊಲ್ಲರಹಟ್ಟಿ
೮ ಏಪ್ರಿಲ್ ೨೦೨೫

ಶಿವಗಂಗಾ,

ಕೂತುಕೊಂಡು ಓದು. ಹತ್ತಿರ ಯಾರೂ ಇರಬಾರದು.

ಆ ಕುರಿಗೆ ನಾಯಿ ಕಚ್ಚಿಲ್ಲ. ನಮ್ಮ ಹಟ್ಟಿಯಲ್ಲಿ ಒಂದೊಂದು ಮನೆಗೆ ಒಂದೊಂದು ಕಿವಿಗುರುತು. ಎಡಗಿವಿ ಸೀಳು, ಬಲಗಿವಿ ಚೌಕ, ಅದು ನಮ್ಮ ಮನೆಯದು. ನಮ್ಮಪ್ಪನದು, ಅವರಪ್ಪನದು. ಆ ಮರಿಯನ್ನು ರಂಗೇಶ ತೊಡೆಯ ಮೇಲೆ ಹಿಡಿದಿದ್ದ, ಬಾಲರಾಜಣ್ಣ ಕೊಯ್ದ. ಮುದ್ದೆಗೆ ಕಾಲು ಕೊಡುವುದನ್ನು ಕಲಿಸಿದವನೂ ರಂಗೇಶನೇ. ಭೂಮಿಯ ಮೇಲೆ ಬೇರೆ ಯಾವ ಕುರಿಯೂ ಹಾಗೆ ಮಾಡುವುದಿಲ್ಲ.

ಕುರಿ ಕದ್ದವರು ಯಾರೂ ಜೀವಂತ ಕುರಿ ಇಟ್ಟುಕೊಳ್ಳುವುದಿಲ್ಲ. ಅದು ಸೇರಿದ್ದು ನಿಮ್ಮಂಥವರ ಮನೆ, ಅದಕ್ಕೇ ಉಳಿಯಿತು. ಕಿವಿ ನೋಡಿದರೆ ನಮ್ಮ ಕಡೆಯ ಮಕ್ಕಳೂ ಯಾರ ಮನೆಯದು ಅಂತ ಹೇಳುತ್ತವೆ. ನೀನು ಅರಿಯದೆ ನನಗೇ ಬರೆದು ಕಳಿಸಿದೆ.

ನಿನ್ನ ಕಾಗದ ಬಂದ ದಿನದಿಂದ, ಬಬ್ಬೂರು ಫಾರಂನಲ್ಲಿ ಕಳೆ ಕೀಳುವಾಗ ಕುಡುಗೋಲು ನೋಡಿದರೆ ನಿಮ್ಮಣ್ಣನ ಕುತ್ತಿಗೆ ಕಾಣುತ್ತದೆ. ಅವನ ಕೈಯಿಂದ ಎಷ್ಟು ಸಲ ಮಂಡಕ್ಕಿ ತಿಂದಿದ್ದೇನೆ, ಹಾಸ್ಟೆಲಿಗೆ ತಂದುಕೊಡುತ್ತಿದ್ದನಲ್ಲ! ನನ್ನನ್ನು ‘ತಂಗ್ಯವ್ವ’ ಅನ್ನುತ್ತಿದ್ದನಲ್ಲ!

ಬಾಲರಾಜಣ್ಣನಿಗೆ ಇನ್ನೂ ಹೇಳಿಲ್ಲ. ಹೇಳಿದ ಗಳಿಗೆಯಲ್ಲೇ ಅವನು ತಾಳ್ಯದಲ್ಲಿರುತ್ತಾನೆ. ಸಿಂಚನಾ ಕಣ್ಣೆದುರಿಗೇ ಕಡಿಯುತ್ತಾನೆ. ನಿನ್ನ ಬಾಯಿಂದ ಒಂದು ಮಾತು ಬರಲಿ ಅಂತ ತಡೆದಿದ್ದೇನೆ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಬಯ್ಯುತ್ತೇನೆ, ಅಷ್ಟೇ ಆಗೋದು. ಅದಕ್ಕೇ ಬರೆದದ್ದು. ಕುರಿ ಜೀವಂತ ಇರಲಿ. ಸೋಮವಾರದೊಳಗೆ ನೀನು ಏನು ಮಾಡುತ್ತೀಯೋ ತಿಳಿಸು. ಇಲ್ಲದಿದ್ದರೆ ನಾನು ಅಣ್ಣನಿಗೆ ಹೇಳುತ್ತೇನೆ.

ಕೆಂಚವ್ವೆ ಕೊಡ ಬಗ್ಗಿಸಿದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತೆ ಅಂದಿದ್ದೆಯಲ್ಲ, ಈಗ ಅಂತಹ ಪುಟ ನಿನ್ನ ಮುಂದೆ ಬಿದ್ದಿದೆ. ಓದು.

ದೀಪಾ


ತಾಳ್ಯ
೯ ಏಪ್ರಿಲ್ ೨೦೨೫

ದೀಪಾ,

ಎಡಗೈ ಮುರಿದಿದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಹಾಳೆ ಹಿಡಿಯುವವರಿಲ್ಲ, ಅಕ್ಷರ ಓಡಾಡಿದರೆ ಹೊಂದಿಸಿಕೊಂಡು ಓದು.

ನಾನು ದಡ್ಡಿ. ಸುಮ್ಮನೆ ಠಾಣೆಗೆ ಹೋಗಬೇಕಿತ್ತು. ಒಡಹುಟ್ಟಿದವನು, ಒಂದು ಸಲ ಅವನ ಬಾಯಿಂದಲೇ ‘ಇಲ್ಲ’ ಅಂತ ಕೇಳಿಬಿಡೋಣ ಅಂತ ಹಿತ್ತಲಿಗೆ ಹೋಗಿ ಕೇಳಿದೆ.

“ನಾನು ಬರೀ ಗಾಡಿ ಓಡ್ಸಿದ್ದು ಕಣೇ. ಹೊಡೆದೋರು ಅವರು. ಸಾಯ್ತಾನೆ ಅಂತ ಯಾರಿಗ್ ಗೊತ್ತಿತ್ತು?” ಅಂದ.

“ನೀರು ಕೇಳಿದ್ದು ಯಾರಣ್ಣ?”

ಅವನು ನನ್ನ ಮುಖ ನೋಡಲಿಲ್ಲ. “ಯಾರಾದ್ರೂ ಒಬ್ರು ಕೇಳ್ಬೇಕಿತ್ತಲ್ಲ” ಅಂದ.

ಆಮೇಲೆ ಅವನಿಗೆ ಹೊಳೆಯಿತು, ಕುರಿ ಇರುವವರೆಗೆ ತನಗೆ ಉಳಿಗಾಲವಿಲ್ಲ ಅಂತ. ತೆಂಗಿನ ಗರಿ ಕಡಿಯುವ ಮಚ್ಚು ಎಳೆದುಕೊಂಡ. ನಾನು ಅಡ್ಡ ಬಿದ್ದೆ. ಮಚ್ಚಿನ ಹಿಂಬದಿಯಿಂದ ನನ್ನ ಮೊಣಕೈಗೆ ಕೊಟ್ಟ, ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೆಂಚವ್ವೆ ಓಡಲಿಲ್ಲ ದೀಪಾ. ಮುದ್ದೆ ಕೊಡುತ್ತಾನೆ ಅಂದುಕೊಂಡು ಅವನ ಮಂಡಿಗೆ ಕಾಲಿಟ್ಟಿತು. ಒಂದೇಟಿಗೆ ಸಾಯಲಿಲ್ಲ. ಅವನಿಗೆ ಕುಯ್ಯಲು ಎಲ್ಲಿ ಬರುತ್ತದೆ? ಕತ್ತು, ಬೆನ್ನು, ಮೂತಿ, ಸಿಕ್ಕಸಿಕ್ಕಲ್ಲಿ ಕೊಚ್ಚಿದ. ತುಳಸಿಕಟ್ಟೆಯ ತನಕ ರಕ್ತ ಹಾರಿತು. ಸಿಂಚನಾ ಬಾಗಿಲಲ್ಲಿ ನಿಂತು “ಅಪ್ಪಾ, ಬ್ಯಾಡಪ್ಪಾ, ನಂದು ಅದು” ಅಂತ ಕಿರುಚಿ ಕಿರುಚಿ ಆಮೇಲೆ ಸದ್ದೇ ನಿಲ್ಲಿಸಿಬಿಟ್ಟಳು. ಈಗಲೂ ಮಾತಾಡುತ್ತಿಲ್ಲ.

ಎಲ್ಲ ಮುಗಿದ ಮೇಲೆ ಅವನು ಮೈ ತೊಳೆಯಲು ಬಚ್ಚಲುಮನೆಗೆ ಹೋದ. ಅಲ್ಲಿಂದ ಕೂಗಿದ: “ಶಿವಿ, ಬಾಯಿ ಒಣಗ್ತಾ ಐತೆ, ಒಂದು ಚೊಂಬು ನೀರು ಕೊಡು.”

ಚೊಂಬು ತುಂಬಿಸಿದೆ. ಆ ಪುಟ ನೆನಪಿಗೆ ಬಂತು. ನಾನು ಅತ್ತ ಪುಟ. ಅದನ್ನು ಬರೆದವನು ಎಂದಾದರೂ ಹೀಗೆ ಚೊಂಬು ಹಿಡಿದು ನಿಂತಿದ್ದನೇ? ನಿಂತಿದ್ದರೆ ನೀರು ಎಷ್ಟು ಭಾರ ಅಂತಲೂ ಬರೆಯುತ್ತಿದ್ದ.

ಕೊಟ್ಟೆ. ಅವನು ಕಣ್ಣು ಮುಚ್ಚಿ ತಲೆ ಎತ್ತಿ ಗಟಗಟ ಕುಡಿಯುತ್ತಿದ್ದಾಗ ಬಾಗಿಲೆಳೆದು ಹೊರಗಿನ ಚಿಲಕ ಹಾಕಿದೆ.

ಹೊಳಲ್ಕೆರೆ ಠಾಣೆಗೆ ಫೋನ್ ಮಾಡಿದ್ದೇನೆ, ಹೊರಟಿದ್ದಾರಂತೆ. ಅವನು ಬಾಗಿಲಿಗೆ ಒದೆಯುತ್ತಿದ್ದಾನೆ. ಹಳೇ ಬೇವಿನ ಬಾಗಿಲು, ಮುರಿಯುವುದಿಲ್ಲ. ಅವ್ವ ನನ್ನ ಜುಟ್ಟು ಹಿಡಿದು ಗೋಡೆಗೆ ಜಜ್ಜಿದಳು. “ಬಾಗ್ಲು ತೆಗಿಯೇ ಹಾಳಾದೋಳೆ, ನಿನ್ನ ಒಡಹುಟ್ಟಿದೋನು ಕಣೇ!” ಅಂದಳು. “ಆ ಹುಡುಗನಿಗೂ ಒಬ್ಬಳು ಅಕ್ಕ ಅದಾಳೆ ಕಣವ್ವ” ಅಂದೆ. ಅವ್ವ ಕೈ ಬಿಟ್ಟಳು. ಈಗ ಚಿಲಕದ ಮುಂದೆ ಕೂತು ಎದೆ ಬಡಿದುಕೊಳ್ಳುತ್ತಿದ್ದಾಳೆ, ತೆಗೆಯುತ್ತಿಲ್ಲ.

ನಮ್ಮ ಈಳಿಗೆ ಮಣೆ ತರಕಾರಿ ಬಿಟ್ಟು ಬೇರೇನನ್ನೂ ಮುಟ್ಟಿದ್ದಲ್ಲ. ಅದನ್ನು ಹಿತ್ತಲಿಗೆ ಒಯ್ದು ಕಾಲಲ್ಲಿ ಮೆಟ್ಟಿ ಹಿಡಿದು ಒಂದೇ ಕೈಯಲ್ಲಿ ಸತ್ತ ಕುರಿಯ ಎರಡೂ ಕಿವಿ ಕೊಯ್ದೆ. ನಡುವೆ ವಾಂತಿಯಾಯಿತು. ಮತ್ತೆ ಕೂತು ಕೊಯ್ದೆ. ಅಡುಗೆಮನೆಯ ಉಪ್ಪು ಸವರಿದ್ದೇನೆ. ಚೌಕದ ಕಿವಿ ಪೊಲೀಸರ ಕೈಗೆ ಕೊಡುತ್ತೇನೆ. ಸೀಳಿದ್ದು ಈ ಡಬ್ಬಿಯಲ್ಲಿದೆ. ಬಾಲರಾಜಣ್ಣನಿಗೆ ತೋರಿಸು. ಅವತ್ತು ಮರಿಯ ಕಿವಿ ಕೊಯ್ದ ಕೈ ತನ್ನ ಗುರುತನ್ನು ಠಾಣೆಗೆ ಬಂದು ಹೇಳಲಿ, ಮಚ್ಚು ಮನೆಯಲ್ಲೇ ಇಟ್ಟು ಬರಲಿ. ಮಿಕ್ಕದ್ದನ್ನು ನಾನು ಕೋರ್ಟಿನಲ್ಲಿ ಹೇಳುತ್ತೇನೆ. ನನ್ನ ಅಣ್ಣನ ಎದುರು ನಿಂತು ಹೇಳುತ್ತೇನೆ.

ಕುರಿ ಉಳಿಸಿಕೊಡಲು ಆಗಲಿಲ್ಲ, ಕ್ಷಮಿಸು. ಕೊಟ್ರೇಶಣ್ಣನ ಬಸ್ಸು ಬರುವ ಹೊತ್ತಾಯಿತು.

ಶಿವಗಂಗಾ


ಗೊಲ್ಲರಹಟ್ಟಿ
೨೭ ಏಪ್ರಿಲ್ ೨೦೨೫

ಶಿವಿ,

ನಿನ್ನ ಕೈ ಕಟ್ಟು ಬಿಚ್ಚಿದರಾ? ಸಿಂಚನಾ ಮಾತಾಡಿದಳಾ? ಇವೆರಡನ್ನು ಮೊದಲು ಕೇಳಬೇಕು ಅನ್ನಿಸಿತು. ಉತ್ತರ ತಡವಾದದ್ದಕ್ಕೆ ಕಾರಣ ಏನೂ ಇಲ್ಲ. ನಿನ್ನ ಹೆಸರು ಬರೆಯಲು ಕೈ ಏಳುತ್ತಿರಲಿಲ್ಲ.

ಡಬ್ಬಿ ಬಂದ ಸಂಜೆ ಅಣ್ಣ ಅಂಗಳದಲ್ಲಿ ಮಚ್ಚು ಮಸೆಯುತ್ತಿದ್ದ. ಎಲ್ಲ ಹೇಳಿದೆ. ಎದ್ದ. ಮುಖ ಹೇಗಿತ್ತು ಅಂದರೆ, ಅದು ನಮ್ಮಣ್ಣನೇ ಅಲ್ಲ. ನಾನು ಇಷ್ಟು ತಿಂಗಳು ಬಯಸಿದ್ದು ಇದನ್ನೇ ತಾನೆ, ಕಲ್ಲು ಟಗರು ಗುಡ್ಡ ಇಳಿಯುವುದನ್ನು? ಎದುರಿಗೇ ಕಂಡಾಗ ನನಗೆ ಅದು ಬೇಡವಾಯಿತು. ಅಡ್ಡ ನಿಂತು ಆ ಕಿವಿಯನ್ನು ಅವನ ಅಂಗೈಯಲ್ಲಿಟ್ಟೆ. “ಆ ಮನೇಲಿ ಒಬ್ಬಳು ಕೈ ಮುರಿಸ್ಕಂಡು ಇದನ್ನ ಕೊಯ್ದು ಕಳಿಸ್ಯಾಳೆ. ಅವಳ ಮೇಲೂ ಬೀಸ್ತೀಯೇನಣ್ಣ?” ಅಂದೆ. ಅವನು ಸೀಳಿನ ಮೇಲೆ ಬೆರಳಾಡಿಸಿದ. “ನಾನೇ ಕೊಯ್ದಿದ್ದು. ಅವನು ಮರಿ ಕಣ್ಣು ಮುಚ್ಚಿ ಹಿಡ್ಕಂಡಿದ್ದ” ಅಂದು ಅಲ್ಲೇ ಕುಸಿದು ಗೋಳೋ ಅಂತ ಅತ್ತ. ರಂಗೇಶ ಸತ್ತಾಗಲೂ ಅವನು ಅತ್ತಿರಲಿಲ್ಲ.

ಠಾಣೆಗೆ ಹೋಗಿ ಗುರುತು ಹೇಳಿ ಬಂದಿದ್ದೇವೆ. ಪೈಪಿನಲ್ಲಿ ಹೊಡೆದವರೂ ಸಿಕ್ಕಿದ್ದಾರೆ, ನಿಮ್ಮಣ್ಣನೇ ಬಾಯಿಬಿಟ್ಟನಂತೆ. ಮಚ್ಚನ್ನು ಅವ್ವ ತೆಗೆದು ಸೌದೆ ಒಡೆಯಲು ಇಟ್ಟುಕೊಂಡಿದ್ದಾಳೆ.

ಸಿಂಚನಾಗೆ ಒಂದು ಮರಿ ಕಳಿಸೋಣ ಅಂತ ಅಂದವಳು ಅವ್ವ. ನಾನು ಬೇಡ ಅಂದೆ. ಅವಳು ಹಾಲೇಶನ ಮಗಳು ಅನ್ನುವುದು ನನಗೆ ಇನ್ನೂ ಮರೆಯಲಾಗುತ್ತಿಲ್ಲ. ನಿಮ್ಮ ಮನೆಯ ಹೊಸಲು ತುಳಿಯುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ. ಸುಳ್ಳು ಹೇಳಿ ಏನು? ನಿನ್ನ ಮೇಲಿನ ಪ್ರೀತಿ ಹೋಗಿಲ್ಲ, ನಿನ್ನ ಮನೆಯ ಮೇಲಿನ ಸಿಟ್ಟೂ ಹೋಗಿಲ್ಲ.

ಪುಸ್ತಕಕ್ಕೆ ಗೋಂದು ಹಾಕಿ ಬೆನ್ನು ಕೂರಿಸಿದ್ದೇನೆ. ಆ ನಾಲ್ಕು ಪುಟ ನನಗೆ ಈಗಲೂ ಹಿಡಿಸುವುದಿಲ್ಲ. ಕೊಡವನ್ನು ನೆತ್ತಿಗೆ ಕುಕ್ಕಬೇಕಿತ್ತು ಅಂತಲೂ ಈಗ ಅನ್ನಿಸುವುದಿಲ್ಲ.

ನಿನ್ನೆ ರಂಗೇಶನನ್ನು ಮಣ್ಣು ಮಾಡಿದ ಜಾಗಕ್ಕೆ ಪುಸ್ತಕ ತಗೊಂಡು ಹೋಗಿದ್ದೆ. ಅವನು ಕೊನೆಯದನ್ನು ಕೇಳಿರಲಿಲ್ಲವಲ್ಲ. ಜಾಲಿ ನೆರಳಲ್ಲಿ ಕೂತು, ಟಗರುಗಳು ನುಗ್ಗುವಲ್ಲಿ ಜೋರಾಗಿ ಕೂಗಿಯೇ ಓದಿದೆ. ಉಪ್ಪರಸ ಬಾವಿಕಟ್ಟೆಗೆ ಬಂದು ನೀರು ಕೇಳುವಲ್ಲಿ ಪುಸ್ತಕ ಮುಚ್ಚಿ ನಿನ್ನ ಕಾಗದ ತೆಗೆದೆ. ಅದನ್ನು ಓದಿ, ನೀನು ಚಿಲಕ ಹಾಕಿದಲ್ಲಿಗೆ ನಿಲ್ಲಿಸಿ ಎದ್ದುಬಂದೆ.

ದೀಪಾ